ಗಾಜಿನ ಕೆಳಗಿನ ಅನಾನಸು

ನಮ್ಮ ಬನವಾಸಿಯ ಸೀಮೆಯಲ್ಲಿ ಅನಾನಸು ಬಯಲಿನಲ್ಲಿಯೇ ಬೆಳೆಯುತ್ತದೆ. ಸುಗ್ಗಿಯಲ್ಲಿ ಅದರ ರಾಶಿಗಳನ್ನು ಕಂಡ ನಮಗೆ, ಇದೇ ಹಣ್ಣಿಗಾಗಿ ಇಂಗ್ಲೆಂಡಿನ ಸಿರಿವಂತರು ಪಟ್ಟ ಪಾಡನ್ನು ಓದಿದಾಗ ಮೊದಲು ನಗು ಬಂದಿತು. ಓದಿ ಮುಗಿಸುವಷ್ಟರಲ್ಲಿ ಆ ನಗು ಉಳಿಯಲಿಲ್ಲ.

ಅನಾನಸಿನ ತವರು ದಕ್ಷಿಣ ಅಮೆರಿಕ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಅದು ಐಶ್ವರ್ಯದ ಕುರುಹು. ಔತಣದ ಮೇಜಿನ ಮೇಲಿರಿಸಿ ಮೆರೆಯಲು ಅದನ್ನು ಬಾಡಿಗೆಗೆ ತರುವವರೂ ಇದ್ದರಂತೆ. ಆ ಶೀತದ ನಾಡಿನಲ್ಲಿ ಇಂತಹ ಹಣ್ಣುಗಳನ್ನು ಬೆಳೆಯಲು ಎತ್ತರದ ಗೋಡೆಯ ತೋಟಗಳೊಳಗೆ ಗಾಜಿನ ಮನೆಗಳನ್ನು ಕಟ್ಟಿದರು. ಗಾಜಿನ ಮೇಲಿನ ಸುಂಕ 1845ರಲ್ಲಿ ರದ್ದಾದ ಬಳಿಕ ಅವು ಇನ್ನಷ್ಟು ಹೆಚ್ಚಿದವು.

ಕಾರ್ನ್‌ವಾಲ್ ಪ್ರಾಂತದ ಹೆಲಿಗನ್ನಿನಲ್ಲಿ, ಟ್ರಿಮೇನ್ ಮನೆತನದ ತೋಟದಲ್ಲಿ, ಅನಾನಸಿನ ಗುಂಡಿಯೊಂದಿದೆ. ಇಟ್ಟಿಗೆಯಿಂದ ಕಟ್ಟಿದ ಗುಂಡಿಗೆ ಗಾಜಿನ ಮುಚ್ಚಳ. ಎರಡೂ ಪಕ್ಕದ ಕಾಲುವೆಗಳಲ್ಲಿ ಕುದುರೆಯ ಹಸಿ ಲದ್ದಿ. ಲದ್ದಿ ಕೊಳೆಯುವಾಗ ಹುಟ್ಟುವ ಕಾವು ಕಿಂಡಿಗಳುಳ್ಳ ಗೋಡೆಯ ಮೂಲಕ ಹಾಯ್ದು ಗಿಡಗಳನ್ನು ಬೆಚ್ಚಗಿಡುತ್ತದೆ. ಆ ಕಾವು ಬಹುಕಾಲ ನಿಲ್ಲದು. ತಣಿದುದನ್ನು ತೆಗೆದು ಹೊಸದನ್ನು ತುಂಬುತ್ತಲೇ ಇರಬೇಕು. ಒಂದು ಹಣ್ಣು ಕೈಗೆ ಬರಲು ಎರಡು ಮೂರು ವರ್ಷಗಳು ಬೇಕು. ಅಷ್ಟು ಕಾಲವೂ ಯಾರಾದರೊಬ್ಬರು ಎಚ್ಚರವಾಗಿರಲೇಬೇಕು.

ಆ ಎಚ್ಚರ ಯಾರದು? ಹೆಲಿಗನ್ನಿನ ತೋಟದಾಳುಗಳು ತಮ್ಮ ಶೌಚದ ಕೋಣೆಯ ಗೋಡೆಯ ಮೇಲೆ ಪೆನ್ಸಿಲ್ಲಿನಿಂದ ಹೆಸರುಗಳನ್ನು ಬರೆದಿದ್ದಾರೆ. ಅಲ್ಲಿರುವ ಕಾಲ 1914ರ ಆಗಸ್ಟ್. ಬ್ರಿಟನ್ ಮೊದಲ ಮಹಾಯುದ್ಧಕ್ಕೆ ಇಳಿದ ತಿಂಗಳು. ಯುದ್ಧಕ್ಕೆ ಹೋದವರಲ್ಲಿ ಹಲವರು ಮರಳಲಿಲ್ಲ. ಕಾವು ಆರಿತು, ಗಾಜು ಒಡೆಯಿತು, ಮುಳ್ಳುಪೊದೆಗಳು ತೋಟವನ್ನು ಮುಚ್ಚಿದವು. 1990ರ ದಶಕದಲ್ಲಿ ಅದನ್ನು ಜೀರ್ಣೋದ್ಧಾರ ಮಾಡಿದವರು ಅದೇ ಲದ್ದಿಯ ಕಾವಿನಿಂದ ಅನಾನಸನ್ನು ಮತ್ತೆ ಬೆಳೆದರು. ಗೋಡೆಯ ಮೇಲಿನ ಆ ಹೆಸರುಗಳ ಹಿಂದಿನ ಬದುಕುಗಳನ್ನೂ ಹುಡುಕಿ ಲೋಕಕ್ಕೆ ತಿಳಿಸಿದರು.

ಇದನ್ನು ಓದುವಾಗ ನಾವು ಬಾಲ್ಯದಲ್ಲಿ ವಿದ್ಯೆ ಕಲಿತ ಮಠದ ತೋಟ ಕಣ್ಣಮುಂದೆ ಬಂದಿತು. ಅಲ್ಲಿ ದಾನ ಕೊಟ್ಟವರ ಹೆಸರುಗಳು ಕಲ್ಲಿನ ಮೇಲಿವೆ, ಅದು ಯೋಗ್ಯವೇ. ಆದರೆ ನಮ್ಮೆಲ್ಲರ ಎಲೆಗೆ ಬಂದ ಬಾಳೆಹಣ್ಣಿಗೆ ವರುಷಗಟ್ಟಲೆ ನೀರು ಕಟ್ಟಿದ ಮುದುಕನ ಹೆಸರು ಎಲ್ಲಿಯೂ ಇಲ್ಲ. ಆತನನ್ನು ಬಲ್ಲವರು ನಮ್ಮ ವಯಸ್ಸಿನ ನಾಲ್ಕಾರು ಜನ ಮಾತ್ರ. ನಾವೂ ಎಷ್ಟು ದಿನ?

ಓದುಗ ಬಂಧುಗಳೇ, ನಿಮ್ಮ ಮನೆಯ ಹಿತ್ತಿಲನ್ನು, ಹೊಲವನ್ನು ಹಸಿರಾಗಿರಿಸಿದ ಕೈಗಳು ಯಾರವೆಂದು ಹಿರಿಯರನ್ನು ಇಂದೇ ಕೇಳಿರಿ. ಮಕ್ಕಳ ಕೈಯಿಂದ ಆ ಹೆಸರುಗಳನ್ನು ಒಂದು ಪುಸ್ತಕದಲ್ಲಿ ಬರೆಯಿಸಿರಿ.