ಬೆನ್ನು ಮುಟ್ಟಿ ಖೋ ಅನ್ನಬೇಕು

ಬ್ಲಾಗು ಧೂಳು ಹಿಡಿದು ಎಷ್ಟು ತಿಂಗಳಾಯ್ತೋ ಏನೋ. ರಿಲೀಸು, ಡೆಡ್‌ಲೈನು ಅಂತ ನೆಪ ಹೇಳೋದು ನನಗೂ ಬೇಜಾರು, ಕೇಳೋದು ನಿಮಗೂ ಬೇಜಾರು. ಮೊನ್ನೆ ಆಫೀಸಿನಲ್ಲಿ ಟೀಮ್ ಬಿಲ್ಡಿಂಗ್ ಅಂತ ಅರ್ಧ ದಿನದ ತರಬೇತಿ ಇತ್ತು. ಕಣ್ಣು ಮುಚ್ಚಿಕೊಂಡು ಹಿಂದಕ್ಕೆ ಬೀಳಿ, ನಿಮ್ಮ ಟೀಮಿನವರು ಹಿಡ್ಕೋತಾರೆ ಅಂದ್ರು. ಹಿಡ್ಕೊಂಡ್ರು ಅನ್ನಿ :) ಆದ್ರೆ ಅವತ್ತಿಂದ ತಲೆ ತುಂಬಾ ನಮ್ಮೂರ ಹೈಸ್ಕೂಲಿನ ಖೋ ಖೋ ಅಂಕಣವೇ ಓಡಾಡ್ತಿದೆ.

ನಮ್ಮದು ಹೊನ್ನಾಳಿ ತಾಲ್ಲೂಕಿನ ಒಂದು ಸಣ್ಣ ಊರು. ನಾನು ಓದುವಾಗ ನ್ಯಾಮತಿ ಇನ್ನೂ ಹೊನ್ನಾಳಿಯದೇ ಒಂದು ಹೋಬಳಿ, 2018ರಲ್ಲಿ ಬೇರೆ ತಾಲ್ಲೂಕಾಯ್ತು. ಕ್ರಿಕೆಟ್ಟೂ ಆಡ್ತಿದ್ವಿ. ಆದ್ರೆ ಕ್ರಿಕೆಟ್ಟಲ್ಲಿ ಬ್ಯಾಟು ಯಾರದ್ದೋ ಅವನೇ ಕ್ಯಾಪ್ಟನ್, ಅವನಿಗೆ ಸಿಟ್ಟು ಬಂದ್ರೆ ಆಟವೇ ಮುಗೀತು. ಬ್ಯಾಟು ಇರ್ತಿದ್ದದ್ದು ಅಡಿಕೆ ಮಂಡಿಯವರ ಮನೆಯಲ್ಲೋ, ರೈಸ್ ಮಿಲ್‌ನವರ ಮನೆಯಲ್ಲೋ. ಖೋ ಖೋಗೆ ಬೇಕಾಗಿದ್ದು ಎರಡು ಕಂಬ, ಒಂದಿಷ್ಟು ಸುಣ್ಣದ ಪುಡಿ. ಕಂಬ ಶಾಲೆಯದು, ಸಿಟ್ಟು ಮಾಡ್ಕೊಂಡು ಮನೆಗೆ ಒಯ್ಯೋ ಹಾಗಿಲ್ಲ.

ಆಟ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಎಂಟು ಜನ ಸಾಲಾಗಿ ಕೂತಿರ್ತಾರೆ, ಒಬ್ಬ ಈ ಕಡೆ ಮುಖ, ಪಕ್ಕದವನು ಆ ಕಡೆ ಮುಖ. ಒಂಬತ್ತನೆಯವನು ಅಟ್ಟಿಸಿಕೊಂಡು ಹೋಗ್ತಾನೆ. ಅವನು ನಡುವಿನ ಗೆರೆ ದಾಟೋ ಹಾಗಿಲ್ಲ, ಒಂದು ದಿಕ್ಕು ಹಿಡಿದ ಮೇಲೆ ಕಂಬ ಮುಟ್ಟೋವರೆಗೆ ತಿರುಗೋ ಹಾಗಿಲ್ಲ. ಹಾಗಾಗಿ ಎಂಥಾ ಓಟಗಾರನೂ ಒಬ್ಬನೇ ಏನೂ ಮಾಡಲಾರ. ಕೂತವನ ಬೆನ್ನು ಮುಟ್ಟಿ ಖೋ ಅನ್ನಬೇಕು. ಮುಟ್ಟದೆ ಬರೀ ಬಾಯಲ್ಲಿ ಅಂದ್ರೆ ಫೌಲು.

ಈ ಮುಟ್ಟೋದು ಇದೆಯಲ್ಲ, ಅದು ನಮ್ಮೂರಲ್ಲಿ ಸಣ್ಣ ವಿಷಯ ಅಲ್ಲ. ಕೇರಿ ಹುಡುಗರು ಮೈಗೆ ಸೋಕಿದ್ರೆ "ಹಿತ್ತಲಾಗೆ ನೀರು ಹಾಕ್ಕೊಂಡು ಒಳಗೆ ಬಾ" ಅನ್ನೋ ಅಜ್ಜಿಯರು ಆಗ ಇನ್ನೂ ಇದ್ರು. ಅದೇ ಹುಡುಗರು ಸಂಜೆ ಒಬ್ಬರ ಬೆನ್ನು ಒಬ್ಬರು ಐವತ್ತು ಸಲ ಮುಟ್ತಿದ್ವಿ. ಕೈ ಹಿಂದೆ ತಗೊಂಡ್ರೆ ಪಾಯಿಂಟು ಹೋಗ್ತಿತ್ತು, ಪಿಟಿ ಮೇಷ್ಟ್ರ ಬೈಗುಳ ಬೇರೆ. ಆಟ ಮುಗಿದ ಮೇಲೆ ಎಲ್ಲರೂ ಅವರವರ ಕೇರಿಗೆ ಹೋಗ್ತಿದ್ವಿ ಅನ್ನೋದೂ ನಿಜ. ಆಟದಿಂದ ಊರು ಬದಲಾಯ್ತು ಅಂತ ಹೇಳೋಕೆ ನನಗೆ ಬಾಯಿ ಬರಲ್ಲ. ಆದ್ರೆ ಅಂಕಣದೊಳಗೆ ಆ ಒಂದೂವರೆ ಗಂಟೆ ಬೇರೇನೇ ಲೆಕ್ಕ ನಡೀತಿತ್ತು.

ನಮ್ಮ ಟೀಮಿನಲ್ಲಿ ನಾನು ಹನ್ನೆರಡನೆಯವನು. ಅಂದ್ರೆ ನೀರಿನ ಕ್ಯಾನು ಹೊರೋ ಎಕ್ಸ್‌ಟ್ರಾ. ಮೊದಲನೆಯವನು ತಾಂಡಾದ ಒಬ್ಬ ಲಂಬಾಣಿ ಹುಡುಗ. ಅವನು ಕಂಬದ ಹತ್ತಿರ ಡೈವ್ ಹೊಡೆದ್ರೆ ಎದುರಾಳಿಗೆ ಉಸಿರು ಬಿಡೋಕೂ ಪುರುಸೊತ್ತಿಲ್ಲ. ಸಂತ ಸೇವಾಲಾಲರು ಹುಟ್ಟಿದ ಸೂರಗೊಂಡನಕೊಪ್ಪ ಇರೋದು ನಮ್ಮ ನ್ಯಾಮತಿ ಸೀಮೆಯಲ್ಲೇ, ಸುತ್ತ ತಾಂಡಾಗಳು ಜಾಸ್ತಿ. ಮಳೆಗಾಲ ಕಳೆದ್ರೆ ಸುಮಾರು ಮನೆಗಳಿಗೆ ಬೀಗ. ಕಾಫಿ ಕೊಯ್ಯೋಕೆ ಚಿಕ್ಕಮಗಳೂರು ಕಡೆ, ಕಬ್ಬು ಕಡಿಯೋಕೆ ಇನ್ನೆಲ್ಲಿಗೋ. ಮಕ್ಕಳೂ ಜೊತೆಗೆ. ಶಾಲೆ ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ.

ಒಂಬತ್ತನೇ ಕ್ಲಾಸಲ್ಲಿ ನಾವು ತಾಲ್ಲೂಕು ಗೆದ್ವಿ. ಜಿಲ್ಲಾ ಮಟ್ಟಕ್ಕೆ ಇವನಿಲ್ಲದೆ ಹೋಗಿ ಏನು ಮಾಡೋದು? ಮೇಷ್ಟ್ರು ತಾಂಡಾಕ್ಕೆ ಹೋದ್ರು, ನಾವೂ ಬೆನ್ನಿಗೆ.

"ನಾಯ್ಕ್ರೇ, ಹುಡುಗನ್ನ ಈ ವರ್ಷ ನನ್ನ ಕೈಗೆ ಬಿಡ್ರಿ."

"ಬಿಡ್ತೀನಿ ಸಾರ್, ನಾವು ಹೋದ್ಮೇಲೆ ಉಣ್ಣಾಕೆ ಯಾರು ಇಕ್ತಾರೆ?"

ಮೇಷ್ಟ್ರು ಓಡಾಡಿ ಹಾಸ್ಟೆಲ್ ಸೀಟು ಕೊಡಿಸಿದ್ರು. ಜಿಲ್ಲಾ ಮಟ್ಟದಲ್ಲಿ ನಾವು ಸೋತ್ವಿ. ಸೋಲಿಸಿದ್ದು ಜಗಳೂರಿನ ಹುಡುಗರು, ಸೂಜಿಯಷ್ಟು ತೆಳ್ಳಗೆ, ಬರಿಗಾಲು. ಚನ್ನಗಿರಿಯವರು ಎಲ್ಲರೂ ಒಂದೇ ಬಣ್ಣದ ಶೂ ಹಾಕ್ಕೊಂಡು ಬಂದಿದ್ರು, ಅವರಿಗೂ ಅದೇ ಗತಿ :) ಸೂಳೆಕೆರೆ ನೀರು ಕುಡಿಯೋ ತೋಟದ ಚನ್ನಗಿರಿ, ಹೊಳೆ ದಂಡೆಯ ಹೊನ್ನಾಳಿ, ಮಳೆ ನಂಬಿ ಮೆಕ್ಕೆಜೋಳ ಬಿತ್ತೋ ಜಗಳೂರು ಎಲ್ಲಾ ಒಂದೇ ಜಿಲ್ಲೆ ಅಂತ ನನಗೆ ಅರ್ಥ ಆಗಿದ್ದೇ ದಾವಣಗೆರೆಯ ಆ ಮೈದಾನದಲ್ಲಿ. 1997ಕ್ಕೆ ಮುಂಚೆ ನಾವು, ಚನ್ನಗಿರಿಯವರು ಶಿವಮೊಗ್ಗ ಜಿಲ್ಲೆ, ಅವರು ಚಿತ್ರದುರ್ಗ.

ನಮ್ಮ ಡೈವ್ ಹುಡುಗ ರಾಜ್ಯ ತಂಡಕ್ಕೇನೂ ಹೋಗಲಿಲ್ಲ. ಹಾಸ್ಟೆಲ್‌ನಲ್ಲಿ ಉಳಿದ, ಎಸ್‌ಎಸ್‌ಎಲ್‌ಸಿ ಪಾಸಾದ. ಈಗ ದಾವಣಗೆರೆಯಲ್ಲಿ ಸ್ವಂತದ್ದೊಂದು ಗೂಡ್ಸ್ ಗಾಡಿ ಇಟ್ಕೊಂಡಿದ್ದಾನೆ, ಮಗಳನ್ನ ಕಾಫಿ ತೋಟಕ್ಕೆ ಕರ್ಕೊಂಡು ಹೋಗೋ ಪ್ರಮೇಯ ಇಲ್ಲ. ಆಟದಿಂದ ಬಡ ಮಕ್ಕಳಿಗೆ ಏನು ಸಿಗುತ್ತೆ ಅಂತ ಯಾರಾದ್ರೂ ಕೇಳಿದ್ರೆ ನಾನು ಕೊಡೋ ಲೆಕ್ಕ ಇಷ್ಟೇ. ಪದಕದ ಲೆಕ್ಕ ಬೇರೆ.

ಪದಕದ ಲೆಕ್ಕವೂ ಇದೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೀತು. ಫೈನಲ್‌ನಲ್ಲಿ ನಮ್ಮ ಹೆಣ್ಮಕ್ಕಳು ನೇಪಾಳವನ್ನ 78-40ರಿಂದ, ಗಂಡು ಹುಡುಗರು 54-36ರಿಂದ ಸೋಲಿಸಿದ್ರು. ಆ ತಂಡಗಳಲ್ಲಿ ಇಬ್ಬರು ಕನ್ನಡದವರು, ಎಂ.ಕೆ. ಗೌತಮ್ ಮತ್ತು ಬಿ. ಚೈತ್ರಾ. ಚೈತ್ರಾ ಮೈಸೂರು ಜಿಲ್ಲೆ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ರೈತರ ಮನೆ ಹುಡುಗಿ, ಊರಿನ ಶಾಲೆಯಲ್ಲೇ ಆಟ ಕಲಿತವರು. ಸರ್ಕಾರ ತಲಾ 5 ಲಕ್ಷ ಬಹುಮಾನ ಅಂತ ಘೋಷಿಸಿದಾಗ ಇಬ್ಬರೂ ಬೇಡ ಅಂದ್ರು. ಮಹಾರಾಷ್ಟ್ರ ತನ್ನ ಆಟಗಾರರಿಗೆ ತಲಾ 2.25 ಕೋಟಿ ಜೊತೆಗೆ ಸರ್ಕಾರಿ ನೌಕರಿ ಘೋಷಿಸಿತ್ತು. ದುರಾಸೆ ಅಂದವರೂ ಇದ್ರು. ನನಗೇನೋ ಅವರು ಮಾಡಿದ್ದು ಸರಿ ಅನ್ಸುತ್ತೆ. ಹಳ್ಳಿ ಮನೆಯಲ್ಲಿ ಹುಡುಗಿಯನ್ನ ಇಪ್ಪತ್ತು ವರ್ಷದವರೆಗೆ ಮೈದಾನಕ್ಕೆ ಕಳಿಸೋ ಅಪ್ಪ ಅಮ್ಮನಿಗೆ ಊರವರು ಕೇಳೋ ಮೊದಲ ಪ್ರಶ್ನೆಯೇ "ಇದ್ರಿಂದ ಕೆಲಸ ಸಿಗುತ್ತಾ?" ಅಂತ.

ಹೋದ ಹಬ್ಬಕ್ಕೆ ಊರಿಗೆ ಹೋದಾಗ ನಮ್ಮ ಶಾಲೆ ಕಡೆ ಹೋಗಿದ್ದೆ. ಮೇಷ್ಟ್ರು ರಿಟೈರ್ ಆಗಿದ್ದಾರೆ, ಆ ಜಾಗಕ್ಕೆ ಯಾರೂ ಬಂದಿಲ್ಲ. ಆಟದ ಪೀರಿಯಡ್ಡಿನಲ್ಲಿ ಗಣಿತದ ಮೇಷ್ಟ್ರು ಲೆಕ್ಕ ಮಾಡಿಸ್ತಾರಂತೆ. ಕಂಬಗಳು ಇವೆ, ಒಂದಕ್ಕೆ ಯಾರೋ ಬಟ್ಟೆ ಒಣಗಿಸೋ ಹಗ್ಗ ಕಟ್ಟಿದ್ದಾರೆ.

ನಮ್ಮ ಬ್ಯಾಚಿನವರು ಆರು ಜನ ಸೇರಿ ಏನಾದ್ರೂ ಮಾಡೋಣ ಅಂದ್ಕೊಂಡ್ವಿ. ಎಲ್ಲರ ಬಾಯಲ್ಲೂ ಮೊದಲು ಬಂದಿದ್ದು ಶೂ, ಜೆರ್ಸಿ. ಮೇಷ್ಟ್ರಿಗೆ ಫೋನ್ ಮಾಡಿದ್ರೆ, "ಶೂ ಆಮೇಲೆ ಕಣ್ರೋ, ಮೊದ್ಲು ದಿನಾ ಸಂಜೆ ವಿಶಲ್ ಊದೋಕೆ ಒಬ್ರನ್ನ ಹುಡುಕ್ರಿ" ಅಂದ್ರು. ಪಕ್ಕದೂರಿನಲ್ಲಿ ಬಿ.ಪಿ.ಎಡ್. ಮುಗಿಸಿ ನೌಕರಿಗೆ ಕಾಯ್ತಿರೋ ಹುಡುಗಿಯೊಬ್ಬಳಿದ್ದಾಳೆ. ತಿಂಗಳಿಗೆ ಇಷ್ಟು ಅಂತ ನಾವು ಹಾಕ್ತೀವಿ, ಸಂಜೆ ಎರಡು ಗಂಟೆ ಬರ್ತೀಯಾ ಅಂತ ಕೇಳಿದ್ವಿ.

ಬರ್ತಾಳಂತೆ. ಎರಡು ಷರತ್ತು. ಹುಡುಗೀರ ಟೀಮೂ ಇರಬೇಕು, ಕತ್ತಲಾದ್ಮೇಲೆ ತಾಂಡಾದ ಹುಡುಗೀರನ್ನ ಮನೆ ಮುಟ್ಟಿಸೋಕೆ ಒಂದು ಆಟೋ ಬೇಕು. ಆಟೋ ಲೆಕ್ಕ ನಮ್ಮ ತಲೆಗೇ ಹೊಳೆದಿರಲಿಲ್ಲ ನೋಡಿ. ಮುಂದಿನ ಶನಿವಾರ ಎಸ್‌ಡಿಎಂಸಿ ಮೀಟಿಂಗು, ನಾನು ಶುಕ್ರವಾರ ರಾತ್ರಿ ಬಸ್ಸಿಗೆ ಹೊರಡ್ತಿದ್ದೀನಿ.