ಹಣೆಯ ಮೇಲಿನ ಬೂದಿ

ವರ್ಷಕ್ಕೊಂದು ದಿನ ನಾನು ಹಣೆಗೆ ಬೂದಿ ಹಚ್ಚಿಕೊಂಡು ಕಾಲೇಜಿಗೆ ಹೋಗುತ್ತೇನೆ. ನಾನು ಕ್ರೈಸ್ತ, ಕಲಿಸುವುದು ಕನ್ನಡ. ಆದ್ದರಿಂದ ಆ ದಿನ ಅಧ್ಯಾಪಕರ ಕೊಠಡಿಯಲ್ಲಿ ನನ್ನ ಹಣೆಯ ವಿಷಯವಾಗಿ ಒಂದಿಷ್ಟು ವಿನೋದ ನಡೆಯದೆ ಇರುವುದಿಲ್ಲ. 2023ರಲ್ಲಿ ಶಿವರಾತ್ರಿ ಫೆಬ್ರವರಿ 18ರಂದು ಬಂದಿತ್ತು. ನಮ್ಮ ವಿಭೂತಿ ಬುಧವಾರ 22ರಂದು. “ಏನು ಮೇಷ್ಟ್ರೆ, ನಾಲ್ಕು ದಿನ ತಡವಾಗಿ ಶಿವರಾತ್ರಿ ಮಾಡಿದಿರೊ?” ಎಂದರು ಇತಿಹಾಸದ ಮಿತ್ರರು. ಅವರ ಹಣೆಯಲ್ಲಿ ಮೂರು ಅಡ್ಡಗೆರೆ. ನನ್ನದರಲ್ಲಿ ಒಂದು ಶಿಲುಬೆ. “ಬೂದಿ ಒಂದೇ, ಬರಹ ಬೇರೆ” ಎಂದೆ. ಎಲ್ಲರೂ ನಕ್ಕರು. ಮಾತು ಸೊಗಸಾಗಿ ಬಂತೆಂದು ನನಗೂ ಸಂತೋಷವಾಯಿತು.

ತಿಳಿಯದವರಿಗಾಗಿ ಒಂದು ಮಾತು. ಈಸ್ಟರ್ ಹಬ್ಬಕ್ಕೆ 46 ದಿನ ಮುಂಚೆ ಬರುವ ಬುಧವಾರದಿಂದ ನಮ್ಮ ತಪಸ್ಸುಕಾಲ ಆರಂಭ. ನಡುವಣ ಆರು ಭಾನುವಾರಗಳನ್ನು ಕಳೆದರೆ ಉಳಿಯುವುದು 40 ದಿನ. ಹಿಂದಿನ ವರ್ಷದ ಗರಿಗಳ ಹಬ್ಬದ ಗರಿಗಳನ್ನು ಸುಟ್ಟು ಬೂದಿ ಮಾಡಿ, ಮಣ್ಣಿನಿಂದ ಬಂದವನು ಮಣ್ಣಿಗೇ ಹೋಗತಕ್ಕವನು ಎಂದು ನೆನಪಿಸುತ್ತ ಸ್ವಾಮಿಗಳು ಹಣೆಗೆ ಹಚ್ಚುತ್ತಾರೆ. ಅಂದು 18ರಿಂದ 59 ವರ್ಷದವರೆಗಿನವರಿಗೆ ಒಂದೇ ಪೂರ್ತಿ ಊಟ. 14 ವರ್ಷ ತುಂಬಿದ ಯಾರಿಗೂ ಮಾಂಸ ಇಲ್ಲ. ಸೋಜಿಗವೆಂದರೆ, ಅಂದಿನ ಪೂಜೆಯಲ್ಲಿ ಓದುವುದು ಮತ್ತಾಯನ ಶುಭಸಂದೇಶದ ಆರನೆಯ ಅಧ್ಯಾಯವನ್ನು. ದಾನ ಮಾಡುವಾಗ ತುತ್ತೂರಿ ಊದಿಸಬೇಡ, ಬೀದಿಯ ಮೂಲೆಯಲ್ಲಿ ನಿಂತು ಪ್ರಾರ್ಥಿಸಬೇಡ, ಉಪವಾಸವಿದ್ದಾಗ ಮುಖ ತೊಳೆದುಕೊ ಎಂದು ಯೇಸು ಹೇಳುವುದು ಅಲ್ಲಿಯೇ. ಅದನ್ನು ಭಕ್ತಿಯಿಂದ ಕೇಳಿ, ಕೂಡಲೆ ಎದ್ದು, ಮುಖಕ್ಕೆ ಬೂದಿ ಹಚ್ಚಿಸಿಕೊಳ್ಳಲು ನಾವು ಸಾಲಾಗಿ ನಿಲ್ಲುತ್ತೇವೆ!

ಈ ವಿಪರ್ಯಾಸ ನನ್ನನ್ನು ಬಹುಕಾಲ ಬಾಧಿಸಲಿಲ್ಲ. ಬೂದಿ ವಿನಯದ ಗುರುತಲ್ಲವೆ, ಅದರಲ್ಲಿ ಆಡಂಬರವೆಲ್ಲಿ ಬಂತು ಎಂದುಕೊಂಡಿದ್ದೆ. 2021ರಲ್ಲಿ ನನ್ನ ಬಣ್ಣ ಬಯಲಾಯಿತು. ಕೋವಿಡ್ ಕಾಲ; ಹಣೆ ಮುಟ್ಟದೆ ನೆತ್ತಿಯ ಮೇಲೆ ಬೂದಿ ಉದುರಿಸಬೇಕೆಂದು ರೋಮಿನಿಂದ ಸೂಚನೆ ಬಂದಿತ್ತು. ಹಾಗೆಯೇ ಆಯಿತು. ಹೊರಗೆ ಬಂದು ಸ್ಕೂಟರಿನ ಕನ್ನಡಿಯಲ್ಲಿ ನೋಡಿಕೊಂಡೆ, ಏನೂ ಕಾಣಿಸಲಿಲ್ಲ. ನನ್ನ ತಲೆಯಲ್ಲಿ ಆಗಲೇ ನರೆ ಸಾಕಷ್ಟಿತ್ತು. ಬೂದಿ ಅದರಲ್ಲಿ ಕರಗಿಹೋಗಿತ್ತು. ಏನನ್ನೋ ಕಳೆದುಕೊಂಡವನಂತೆ ಪೆಚ್ಚಾದೆ. ಕಳೆದುಕೊಂಡದ್ದು ಏನೆಂದು ಆಗ ಕೇಳಿಕೊಳ್ಳಲಿಲ್ಲ.

ನಮ್ಮ ತಾಯಿಗೆ ಇಂಥ ಪೇಚಾಟವಿರಲಿಲ್ಲ. ಬೂದಿ ಹಚ್ಚಿಸಿಕೊಂಡು ಬಾಗಿಲು ದಾಟಿದೊಡನೆ ಸೆರಗಿನ ತುದಿಯಿಂದ ಒರೆಸಿಬಿಡುತ್ತಿದ್ದಳು. ಅದರ ಹಿಂದೆ ಮತ್ತಾಯನ ಉಪದೇಶವೇನೂ ಇರಲಿಲ್ಲ. “ಕಳೆ ಕೀಳೋವಾಗ ಬೆವರಿಗೆ ಕಣ್ಣಿಗಿಳಿಯುತ್ತೆ” ಎನ್ನುತ್ತಿದ್ದಳು, ಅಷ್ಟೆ. ಆದರೆ ಅವಳಿಗೊಂದು ಲೆಕ್ಕವಿತ್ತು. ತಪಸ್ಸುಕಾಲದಲ್ಲಿ ತಾನು ಬಿಟ್ಟ ಪ್ರತಿ ಊಟದ ಅಕ್ಕಿಯನ್ನು ಪಾವಿನಲ್ಲಿ ಅಳೆದು ಒಂದು ಗಡಿಗೆಗೆ ಹಾಕುವಳು. ಈಸ್ಟರ್ ಹಬ್ಬದ ಮುನ್ನಾದಿನ ಕತ್ತಲಾದ ಮೇಲೆ ಗಡಿಗೆ ಯಾರ ಮನೆಗೋ ಹೋಗಿ ಬರಿದಾಗಿ ಬರುವುದು. ಯಾರ ಮನೆಗೆ ಎಂದು ಒಮ್ಮೆ ಕಾಡಿದೆ. “ನಿನಗೆ ಗೊತ್ತಾದರೆ ನಾಳೆ ಆ ಮನೆ ಹುಡುಗನನ್ನು ಬೇರೆ ಥರ ನೋಡ್ತೀಯ, ಸುಮ್ನಿರು” ಎಂದಳು.

ಈಗ 2023ರ ಆ ಬುಧವಾರಕ್ಕೆ ಮರಳುತ್ತೇನೆ. ವಿನೋದ ಮುಗಿಸಿ ತರಗತಿಗೆ ಹೋದೆ. ಬೆಳಗಿನಿಂದ ಒಂದು ಲೋಟ ಕಾಫಿಯ ಹೊರತು ಏನೂ ತೆಗೆದುಕೊಂಡಿರಲಿಲ್ಲ; ಹೊಟ್ಟೆಯ ಉರಿ ತಲೆಗೇರಿತ್ತು. ಪಾಠ ಅರ್ಧವಾಗಿರುವಾಗ ಒಬ್ಬ ಹುಡುಗ ಬಾಗಿಲಲ್ಲಿ ನಿಂತ. ಆ ವಾರ ಅವನು ತಡವಾಗಿ ಬಂದದ್ದು ಎರಡನೆಯ ಸಲ. “ಹೊಟ್ಟೆ ಬಿರಿಯ ಉಂಡು ಮಲಗಿದ್ದೆಯೇನಪ್ಪ?” ಎಂದೆ. ತರಗತಿ ನಕ್ಕಿತು. ಹುಡುಗ ಉತ್ತರ ಕೊಡಲಿಲ್ಲ. ನನ್ನ ಕಣ್ಣನ್ನೂ ನೋಡಲಿಲ್ಲ, ಹಣೆಯನ್ನು ನೋಡಿದ. ಆಮೇಲೆ ಹೊರಗೆ ಹೋಗಿ ನಿಂತ.

ಮಧ್ಯಾಹ್ನ ಜವಾನ ಹತ್ತಿರ ಬಂದು, ಬೇರೆ ಏನೋ ಕೆಲಸವಿದ್ದವನಂತೆ ಮೇಜಿನ ಮೇಲಿನ ಕಾಗದಗಳನ್ನು ಸರಿಸುತ್ತ ಹೇಳಿದ: ಆ ಹುಡುಗ ಹಳ್ಳಿಯಿಂದ ಮೊದಲ ಬಸ್ಸಿಗೆ ಬರುತ್ತಾನೆ, ಮಾರುಕಟ್ಟೆಯಲ್ಲಿ ತರಕಾರಿ ಮೂಟೆ ಇಳಿಸುತ್ತಾನೆ, ಅಲ್ಲಿಂದ ನೇರವಾಗಿ ಕಾಲೇಜಿಗೆ, ಅವನು ಊಟ ಮಾಡುವುದು ರಾತ್ರಿ ಮನೆಗೆ ಹೋದಮೇಲೆ. ಹತ್ತನೆಯ ತರಗತಿಯವರೆಗೆ ನಮ್ಮ ಸರ್ಕಾರಿ ಶಾಲೆಗಳಲ್ಲಿ ಬಿಸಿಯೂಟ ಉಂಟು. ಹನ್ನೊಂದನೆಯ ತರಗತಿಗೆ ಕಾಲಿಟ್ಟ ಮಕ್ಕಳಿಗೆ ಹಸಿವೆಯೇ ಆಗುವುದಿಲ್ಲವೆಂದು ತೋರುತ್ತದೆ! ಒಂದೇ ಕೊಠಡಿಯಲ್ಲಿ ಅಂದು ಎರಡು ಬರಿಹೊಟ್ಟೆಗಳಿದ್ದವು. ಒಂದಕ್ಕೆ ಹಣೆಯ ಮೇಲೆ ಗುರುತಿತ್ತು, ಇನ್ನೊಂದಕ್ಕೆ ಇರಲಿಲ್ಲ.

ಸಂಜೆ ಆ ದಿನದ ಒಂದೇ ಊಟಕ್ಕೆ ಕೂತಾಗ ತಾಯಿಯ ಗಡಿಗೆ ನೆನಪಾಯಿತು. ಇಷ್ಟು ವರ್ಷ ನಾನು ಬಿಟ್ಟ ಊಟಗಳೆಲ್ಲ ಎಲ್ಲಿಗೆ ಹೋದವು? ಯೋಚಿಸಿದರೆ ಅವು ಎಲ್ಲಿಗೂ ಹೋಗಿರಲಿಲ್ಲ. ನನ್ನ ಮನೆಯ ಡಬ್ಬದಲ್ಲೇ ಉಳಿದಿದ್ದವು. ಮರುದಿನ ಅವುಗಳನ್ನು ನಾನೇ ಉಂಡಿದ್ದೆ.

ಎರಡು ದಿನ ಕಳೆದು ಶುಕ್ರವಾರ ಸಂಜೆ ಪೂಜೆಗೆ ಹೋದೆ. ವಿಭೂತಿ ಬುಧವಾರದ ಬೆನ್ನಿಗೆ ಬರುವ ಶುಕ್ರವಾರ ಓದುವುದು ಪ್ರವಾದಿ ಯೆಶಾಯನ 58ನೆಯ ಅಧ್ಯಾಯ. ಜೊಂಡಿನಂತೆ ತಲೆ ಬಾಗಿಸಿ ಬೂದಿಯಲ್ಲಿ ಕೂತರೆ ಅದು ಉಪವಾಸವೆ ಎಂದು ದೇವರು ಅಲ್ಲಿ ಗದರಿಸುತ್ತಾನೆ. ಹಸಿದವನೊಡನೆ ರೊಟ್ಟಿ ಹಂಚಿಕೊಳ್ಳುವುದೇ ತನಗೆ ಬೇಕಾದ ಉಪವಾಸ ಎನ್ನುತ್ತಾನೆ. ಎಷ್ಟೋ ಸಲ ಕೇಳಿದ ಪಾಠ. ಒಮ್ಮೆ ನಾನೇ ನಿಂತು ಓದಿದ್ದೂ ಉಂಟು. ಉಚ್ಚಾರಣೆ ಬಹಳ ಶುದ್ಧವಾಗಿತ್ತೆಂದು ಆಗ ಹೊಗಳಿದ್ದರು.

ಶನಿವಾರ ಹುಡುಗನನ್ನು ಒಬ್ಬನೇ ಸಿಕ್ಕಾಗ ನಿಲ್ಲಿಸಿ, “ಮೊನ್ನೆ ನಾನು ಆಡಿದ ಮಾತು ತಪ್ಪಾಯಿತು” ಎಂದೆ. ಅವನು ನನಗಿಂತ ಹೆಚ್ಚು ನಾಚಿದ. “ಬಿಡಿ ಸಾರ್, ನಾನು ಲೇಟಾಗಿ ಬಂದದ್ದು ನಿಜ ಅಲ್ವ?” ಎಂದ. ಕ್ಯಾಂಟೀನಿಗೆ ಬಾ ಎಂದು ಕರೆದೆ. “ಊಟ ಆಗಿದೆ ಸಾರ್” ಎಂದುಬಿಟ್ಟ. ಹಗಲು ಹೊತ್ತಿನಲ್ಲಿ, ಹತ್ತು ಜನರ ಎದುರಿಗೆ ಯಾರನ್ನಾದರೂ ಹಾಗೆ ಕರೆಯುವುದುಂಟೆ? ತಾಯಿ ಕತ್ತಲಾಗುವವರೆಗೆ ಏಕೆ ಕಾಯುತ್ತಿದ್ದಳೆಂಬುದು ಆಗ ತಿಳಿಯಿತು.

ಆಮೇಲೆ ನಾನೇನು ಮಾಡಿದೆನೆಂದು ಓದುಗರು ಕೇಳಬಹುದು. ಹೇಳಿದರೆ ತುತ್ತೂರಿ ಊದಿದಂತಾಗುತ್ತದೆ. ಹೇಳದಿದ್ದರೆ ಏನೂ ಮಾಡಲಿಲ್ಲವೆಂದು ನೀವು ತಿಳಿಯುತ್ತೀರಿ. ಹಾಗೆಯೇ ತಿಳಿದುಕೊಳ್ಳಿ, ಅದರಿಂದ ನನಗೆ ಒಳ್ಳೆಯದೇ. ಆದರೆ ಬೂದಿ ಹಚ್ಚಿಸಿಕೊಳ್ಳುವುದನ್ನು ನಾನು ಬಿಡಲಿಲ್ಲ. ನಾನು ಮಣ್ಣೆಂಬುದು ವರ್ಷಕ್ಕೊಮ್ಮೆಯಾದರೂ ನೆನಪಾಗಬೇಕಲ್ಲ. 2024ರ ಫೆಬ್ರವರಿ 14ರಂದು ಮತ್ತೆ ಹಚ್ಚಿಸಿಕೊಂಡು ಹೋದೆ. ಇತಿಹಾಸದ ಮಿತ್ರರು ಮತ್ತೆ ಹಾಸ್ಯ ಮಾಡಿದರು. ನಾನು ಮತ್ತೆ ನಕ್ಕೆ. ತರಗತಿಯಲ್ಲಿ ಆ ಹುಡುಗ ಎರಡನೆಯ ಬೆಂಚಿನಲ್ಲಿ ಕೂತಿದ್ದ. ಒಮ್ಮೆ ತಲೆಯೆತ್ತಿದ, ನನ್ನ ಹಣೆಯ ಮೇಲೆ ಅವನ ಕಣ್ಣು ನಿಲ್ಲಲಿಲ್ಲ. “ಯಾವ ಪುಟ ಸಾರ್?” ಎಂದು ಕೇಳಿದ. ಪುಟ ಹೇಳಿ ಪಾಠ ಶುರುಮಾಡಿದೆ.