ಗಾಜಿನ ಮೇಲಿನ ಕೆಂಪು ಎಳೆ

ಗಾಳಿಪಟದಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ ಸೂತ್ರ ಕಟ್ಟುವುದು. ಕಡ್ಡಿ ಬಾಗಿಸುವುದು, ಅನ್ನದ ಅಗುಳು ಹಿಸುಕಿ ಕಾಗದ ಅಂಟಿಸುವುದು, ಹಳೇ ಸೀರೆಯ ಅಂಚು ಹರಿದು ಬಾಲಂಗೋಚಿ ಮಾಡುವುದು ಯಾವ ಹುಡುಗನಿಗೂ ಬರುತ್ತದೆ. ಸೂತ್ರ ಮಾತ್ರ ಕೈ ಪಳಗಿದವರದು. ಒಂದು ಬೆರಳಗಲ ಹೆಚ್ಚುಕಡಿಮೆಯಾದರೆ ಪಟ ಏಳುವುದಿಲ್ಲ, ಎದ್ದರೂ ಗಿರಕಿ ಹೊಡೆದು ಬೀಳುತ್ತದೆ. ಗೌರಿಬಿದನೂರು ಸೀಮೆಯ ನಮ್ಮೂರು ಅಲೀಪುರದಲ್ಲಿ ನನಗೆ ಸೂತ್ರ ಕಟ್ಟಿಕೊಡುತ್ತಿದ್ದವರು ಪಕ್ಕದ ಮನೆಯ ಮಾಮು. ಊರಿನ ಬಹಳ ಜನರಂತೆ ಅವರದೂ ಹರಳು ಉಜ್ಜುವ ಕೆಲಸ. ತಿರುಗುವ ಚಕ್ರಕ್ಕೆ ಕಲ್ಲನ್ನು ತಾಗಿಯೂ ತಾಗದ ಹಾಗೆ ಹಿಡಿಯುವ ಬೆರಳು ಅವು. "ಒತ್ತಬೇಡಪ್ಪ, ಅದೇ ಹೇಳುತ್ತೆ" ಅನ್ನುತ್ತಿದ್ದರು. ಕಲ್ಲಿಗೂ ಅದೇ ಮಾತು, ದಾರಕ್ಕೂ ಅದೇ ಮಾತು.

ಆ ಮಾತು ಮತ್ತೆ ಕಿವಿಗೆ ಬಿದ್ದದ್ದು ಪುಣೆಯಲ್ಲಿ. ಕೆಲಸಕ್ಕೆಂದು ಆ ಊರು ಸೇರಿದ್ದೆ. ಹಡಪ್ಸರದ ಗ್ಲೈಡಿಂಗ್ ಕೇಂದ್ರದ ಬಯಲಿನಲ್ಲಿ ಒಂದು ಭಾನುವಾರ, ಎಂಜಿನ್ ಇಲ್ಲದ ವಿಮಾನದ ಮುಂದಿನ ಸೀಟಿನಲ್ಲಿ ಕುಳಿತೆ. ಬಯಲಿನ ಆ ತುದಿಯಲ್ಲಿ ವಿಂಚು, ಅದರಿಂದ ಹೊರಟ ತಂತಿಯ ಹಗ್ಗ ಗ್ಲೈಡರಿನ ಹೊಟ್ಟೆಯ ಕೊಕ್ಕೆಗೆ. ಹಗ್ಗ ಬಿಗಿಯಾಯಿತು. ಹುಡುಗರು ಪಟದ ದಾರ ಹಿಡಿದು ಓಡುತ್ತಾರಲ್ಲ, ಥೇಟ್ ಹಾಗೆಯೇ ವಿಂಚು ನಮ್ಮನ್ನು ಎಳೆಯಿತು. ಮೂತಿ ಆಕಾಶಕ್ಕೆ ತಿರುಗಿತು. ಅರ್ಧ ನಿಮಿಷ ಕಳೆದಿರಬೇಕು, ಟಕ್ ಎಂದು ಕೊಕ್ಕೆ ಬಿಟ್ಟಿತು. ಆಮೇಲೆ ಗಾಳಿಯ ಸದ್ದೊಂದೇ.

ಹಿಂದಿನ ಸೀಟಿನ ಗುರುಗಳು ಹೇಳಿದರು: ಚಾಲನೆಯ ಕೋಲು ಹಿಂಡಬೇಡಿ, ಗಾಳಿ ಕೇಳಿಸಿಕೊಳ್ಳಿ. ವೇಗ ಹೆಚ್ಚಿದರೆ ಸುಯ್ಲು ಏರುತ್ತದೆ, ತಗ್ಗಿದರೆ ಪಿಸುಮಾತಾಗುತ್ತದೆ. ನನ್ನ ಕಣ್ಣು ಮಾತ್ರ ಮುಂದಿನ ಗಾಜಿಗೆ ಅಂಟಿಸಿದ್ದ ಒಂದು ಗೇಣಿಗಿಂತ ಚಿಕ್ಕದಾದ ಉಣ್ಣೆಯ ಕೆಂಪು ಎಳೆಯ ಮೇಲೆ ನೆಟ್ಟಿತ್ತು. ವಿಮಾನ ಸರಿಯಾಗಿ ಗಾಳಿಗೆ ಮುಖ ಮಾಡಿದ್ದರೆ ಎಳೆ ನೇರ. ಪಕ್ಕಕ್ಕೆ ಜಾರುತ್ತಿದ್ದರೆ ಎಳೆ ವಾಲುತ್ತದೆ. ಲಕ್ಷಗಟ್ಟಲೆ ಬೆಲೆಬಾಳುವ ಗ್ಲೈಡರಿನಲ್ಲೂ ಇದನ್ನು ತೆಗೆದಿಲ್ಲ, ಇದಕ್ಕಿಂತ ನಂಬಿಕಸ್ಥ ಉಪಕರಣ ಸಿಕ್ಕಿಲ್ಲ. ಅಲೀಪುರದ ದಾರ ನನಗಿಂತ ಮೊದಲೇ ಮೇಲೆ ಹೋಗಿ ಕುಳಿತಿದೆ ಅನ್ನಿಸಿತು.

ಬಿಸಿಗಾಳಿಯ ಕಂಬ ಸಿಕ್ಕುವ ಗಳಿಗೆಯನ್ನು ಹೇಗೆ ಹೇಳಲಿ? ಒಂದು ರೆಕ್ಕೆಯ ಕೆಳಗೆ ಯಾರೋ ಅಂಗೈ ಕೊಟ್ಟು ಎತ್ತಿದ ಹಾಗೆ. ಎತ್ತಿದ ಕಡೆಗೇ ತಿರುಗಬೇಕು, ಸುತ್ತು ಹಾಕುತ್ತ ಏರಬೇಕು. ಅಲ್ಲಿ ಮೊದಲೇ ಹದ್ದೊಂದು ರೆಕ್ಕೆ ಬಡಿಯದೆ ಸುತ್ತುತ್ತಿರುತ್ತದೆ. ನಮ್ಮ ಗೌರಿಬಿದನೂರು ಸೀಮೆಯ ಬಂಡೆಗುಡ್ಡಗಳು, ಉತ್ತ ಹೊಲಗಳು, ಬತ್ತಿದ ಕೆರೆಯಂಗಳಗಳು ಚೈತ್ರ ವೈಶಾಖದಲ್ಲಿ ಕಾದು ಹೀಗೇ ಗಾಳಿಯನ್ನು ಮೇಲಕ್ಕೆ ಕಳಿಸುತ್ತವೆ. ಚಿಕ್ಕಂದಿನಲ್ಲಿ ಹದ್ದನ್ನು ಕಂಡಿದ್ದೆ, ಅದರ ಕೆಳಗಿನ ಕಂಬವನ್ನು ಕಂಡಿರಲಿಲ್ಲ.

ಪಟಕ್ಕೂ ಗ್ಲೈಡರಿಗೂ ಇರುವ ನಂಟು ಕಾನೂನಿಗೂ ಗೊತ್ತಿತ್ತು. ನಮ್ಮ 1934ರ ವಿಮಾನ ಕಾಯಿದೆ "ವಿಮಾನ" ಎಂದರೇನೆಂದು ಹೇಳುವಾಗ ಬಲೂನು, ಗಾಳಿಪಟ, ಗ್ಲೈಡರುಗಳನ್ನು ಒಂದೇ ಸಾಲಿನಲ್ಲಿ ಕೂರಿಸಿತ್ತು. ಆ ಸಾಲು ನನಗೆ ಇಷ್ಟ. 2025ರ ಜನವರಿ 1ರಿಂದ ಆ ಕಾಯಿದೆಯ ಜಾಗಕ್ಕೆ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ. ಪೈಲಟ್‌ಗಳ ರೇಡಿಯೋ ಪರೀಕ್ಷೆ ದೂರಸಂಪರ್ಕ ಇಲಾಖೆಯಿಂದ ವಿಮಾನಯಾನದ ನಿಯಂತ್ರಕ ಡಿಜಿಸಿಎಗೆ ಬಂದದ್ದು ಇದರಿಂದಲೇ, ಒಳ್ಳೆಯದಾಯಿತು. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದದವರಿಗೂ ಕಮರ್ಷಿಯಲ್ ಲೈಸೆನ್ಸಿನ ಬಾಗಿಲು ತೆರೆಯುವ ಪ್ರಸ್ತಾಪವೂ ಅದೇ ವರ್ಷ ಸುದ್ದಿಯಾಯಿತು. ನಾನು ಅದರ ಪರ. ಮಾಮು ಭೌತಶಾಸ್ತ್ರ ಓದಿರಲಿಲ್ಲ, ಅವರ ಸೂತ್ರ ಒಮ್ಮೆಯೂ ತಪ್ಪಲಿಲ್ಲ.

ಆದರೆ ಈ ಚರ್ಚೆಯೆಲ್ಲ ಹಾರಾಟವನ್ನು ನೌಕರಿ ಮಾಡಿಕೊಳ್ಳುವವರದು. ಖುಷಿಗೆ ಹಾರುವವರ ಮಾತು ಬರುವುದೇ ಕಡಿಮೆ. ಯುರೋಪಿನಲ್ಲಿ ಗ್ಲೈಡರಿನ ನಿಯಮಗಳನ್ನು ದೊಡ್ಡ ವಿಮಾನಗಳ ನಿಯಮಗಳಿಂದ ಬಿಡಿಸಿ ಬೇರೆಯೇ ಪುಸ್ತಕ ಮಾಡಿದರು. ಅದರ ಲೈಸೆನ್ಸ್ ಭಾಗ 2020ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಅಮೆರಿಕದಲ್ಲಿ 14 ವರ್ಷದ ಹುಡುಗಿ ಒಬ್ಬಳೇ ಗ್ಲೈಡರ್ ಹಾರಿಸಬಹುದು. ಅಂತರರಾಷ್ಟ್ರೀಯ ಮಾನದಂಡ ಗ್ಲೈಡರ್ ಲೈಸೆನ್ಸಿಗೆ ಕೇಳುವುದು 16 ವರ್ಷ ವಯಸ್ಸು, 6 ಗಂಟೆ ಹಾರಾಟ, ಅದರಲ್ಲಿ 2 ಗಂಟೆ ಒಂಟಿಯಾಗಿ, 20 ಸಲ ಏರಿ ಇಳಿದಿರುವುದು. ಹಗ್ಗದ ತಪಾಸಣೆ, ಗುರುವಿನ ಕಣ್ಣು ಎಷ್ಟು ಕಟ್ಟುನಿಟ್ಟಾದರೂ ಇರಲಿ. ದೇವನಹಳ್ಳಿಗೆ 2008ರಿಂದ ದೊಡ್ಡ ವಿಮಾನಗಳು ಇಳಿಯುತ್ತಿವೆ, ನಮ್ಮ ಮೇಲಿನ ಆಕಾಶದಲ್ಲಿ ಕೇಳದೆ ಏರುವ ಹಾಗಿಲ್ಲ, ಅದೂ ನ್ಯಾಯವೇ. ಸಡಿಲವಾಗಬೇಕಾದದ್ದು ಕಾಗದದ ಗಂಟು.

ಗ್ಲೈಡರ್ ನಮಗೆ ಹೊಸ ವಿದ್ಯೆಯೇನಲ್ಲ. 1940ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ವಿ. ಎಂ. ಘಾಟಗೆ ಮೊದಲಿಗೆ ವಿನ್ಯಾಸ ಮಾಡಿದ್ದು ಹತ್ತು ಸೀಟಿನ ಒಂದು ಗ್ಲೈಡರನ್ನು. ಆಮೇಲೆ ನಾಗರಿಕ ವಿಮಾನಯಾನ ಇಲಾಖೆಯ ಎಸ್. ರಾಮಾಮೃತಂ ದೆಹಲಿಯಲ್ಲಿ ಸಾಲಾಗಿ ಗ್ಲೈಡರುಗಳನ್ನು ರೂಪಿಸಿದರು: ಅಶ್ವಿನಿ, ಭರಣಿ, ಕಾರ್ತಿಕ್, ರೋಹಿಣಿ, ಮೃಗಶಿರ. ಅಕ್ಕಪಕ್ಕ ಇಬ್ಬರು ಕೂರುವ ಮರದ ರೋಹಿಣಿ 1961ರಲ್ಲಿ ಹಾರಿತು. ಕಾನ್ಪುರದ ಎಚ್‌ಎಎಲ್‌ನಲ್ಲಿ ಕಟ್ಟಿದ ಗ್ಲೈಡರಿಗೆ ಆರ್ದ್ರಾ ಎಂದೇ ಹೆಸರು. ನಮ್ಮ ರೈತರು ಆಕಾಶ ನೋಡುತ್ತ ಕಾಯುವ ಮಳೆಗಳ ಹೆಸರು ಇವು. ಕಾರ್ತಿಕ್ ಎಂದರೆ ನಮ್ಮ ಕೃತ್ತಿಕೆಯೇ.

ನಿಯಮ ಬರೆಯುವವರಲ್ಲಿ ನನ್ನದೊಂದು ಕೇಳಿಕೆ. ಆಷಾಢದಲ್ಲಿ ದೊಡ್ಡಬಳ್ಳಾಪುರದ ಗಾಳಿಪಟದ ಹಬ್ಬಕ್ಕೆ ಬನ್ನಿ, ಅಲ್ಲಿ ಕತ್ತೆತ್ತಿ ನಿಂತ ಮಕ್ಕಳ ಮುಖ ನೋಡಿ. ಆಮೇಲೆ ಗ್ಲೈಡರಿಗೆ ಅದರದೇ ಒಂದು ಸಣ್ಣ ನಿಯಮ ಪುಸ್ತಕ ಬರೆಯಿರಿ, ಹಳ್ಳಿಯ ಹುಡುಗಿಗೂ ಓದಿ ಅರ್ಥವಾಗುವ ಕನ್ನಡದಲ್ಲೂ ಅಚ್ಚು ಹಾಕಿಸಿ. ಒಂದು ವಿಂಚು, ಎರಡು ಸೀಟಿನ ಒಂದು ಗ್ಲೈಡರ್ ಈ ಸೀಮೆಗೆ ಕೊಡಿ. ಬಯಲು ನಮ್ಮಲ್ಲಿದೆ.